ಅಣ್ಣನ ಉಸಿರು

ಸುಗ್ಗಿ ಮುಗೀತಂದ್ರ ನಮ್ಮ ಕಡೆ ಮಂದಿ ಗೋವಾ ಬಸ್ ಹತ್ತತಾರ. ನಾನೂ ಎರಡು ವರ್ಷ ದುಡಿದು ಹೊಲಕ್ಕೆ ಮರಳಿದೆ. ನಮ್ಮಣ್ಣ ಮ್ಹಾಪಸಾದಾಗ ಉಳಿದ. ಇಪ್ಪತ್ತು ವರ್ಷ ಮಂದಿ ಮನೆಗೆ ಸಿಮೆಂಟ್ ತಗಡು ಹೊದಿಸಿದ. ಗರಗಸ ಹಚ್ಚಿ ತಗಡು ಕೊಯ್ದಾಗ ಬಿಳಿ ಧೂಳು ಏಳುತ್ತಿತ್ತು. ಆ ತಗಡಿನಾಗ ಕಲ್ನಾರು ಇರತೈತಿ, ಅದಕ್ಕೆ ಆಸ್ಬೆಸ್ಟಾಸ್ ಅಂತಾರ ಅನ್ನೋದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಮೂವತ್ತು ವರ್ಷದ ಮೇಲೆ ಅಣ್ಣನಿಗೆ ದಮ್ಮು ಹತ್ತಿತು. ಶುಕ್ರವಾರದ ಸಂತೆಯಿಂದ ಒಂದು ಚೀಲ ಹೊತ್ತು ಬರಲಾರದಾದ. ನಾವು ಟಿಬಿ ಅಂದುಕೊಂಡೆವು. ಬಾಂಬೋಳಿಯ ದೊಡ್ಡ ದವಾಖಾನೆಯಲ್ಲಿ ಎದೆಯೊಳಗಿನ ನೀರು ತೆಗೆದು, ಶ್ವಾಸಕೋಶದ ಹೊರಪೊರೆಯ ಚೂರನ್ನು ಪರೀಕ್ಷೆ ಮಾಡಿದರು. ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್. "ಬಾಬಾ, ವಯಸ್ಸಿನಾಗ ಏನು ಕೆಲಸ ಮಾಡಿದಿ?" ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದಾಗಲೇ ಆ ಬಿಳಿ ಧೂಳು ನಮಗೆ ನೆನಪಾದದ್ದು.

ಡಾಕ್ಟರು ದಾರಿಗಳನ್ನು ಬಿಡಿಸಿ ಹೇಳಿದರು. ಆಪರೇಷನ್ ಕೆಲವರಿಗಷ್ಟೇ, ಅಣ್ಣನ ದೇಹ ತಾಳೋದಿಲ್ಲ. ಪೆಮೆಟ್ರೆಕ್ಸೆಡ್, ಸಿಸ್ಪ್ಲಾಟಿನ್ ಎಂಬ ಕೀಮೋ ಮೂರು ವಾರಕ್ಕೊಮ್ಮೆ. ಬೇನೆ ವಾಸಿಯಾಗದು, ಕೆಲವು ತಿಂಗಳು ಸಿಗಬಹುದು. ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಹೊಸ ಔಷಧಿಗಳೂ ಬಂದಾವ, ಆದರೆ ಭಾಳ ದುಬಾರಿ. ನೀರು ಮತ್ತೆ ತುಂಬದಂತೆ ಪೊರೆಗಳನ್ನು ಒಂದಕ್ಕೊಂದು ಅಂಟಿಸಬಹುದು. ನೋವಿಗೆ ಮಾರ್ಫಿನ್ ಗುಳಿಗೆ.

ಅಣ್ಣ ಪ್ರತಿಯೊಂದಕ್ಕೂ ಒಂದೇ ಮಾತು ಕೇಳಿದ: "ಇದರಿಂದ ದಿನ ಹೆಚ್ಚಾಗತಾವೋ, ಉಸಿರು ಹಗುರಾಗತೈತೋ?" ನಾನು ಹೊಲ ಮಾರತೀನಿ, ಹೊಸ ಔಷಧಿ ಕೊಡಸೋಣ ಅಂದೆ. ಅವ ಸಿಟ್ಟಾದ. "ಹೊಲ ಮಾರಿ ನನಗ ನಾಕು ತಿಂಗಳು ಕೊಡತಿ, ನಿನ್ನ ಮಕ್ಕಳಿಗೇನು ಕೊಡತಿ?" ನೀರಿಗೆ ಉಪಾಯ ಮಾಡಿಸಿಕೊಂಡ, ನಾಲ್ಕು ಸಲ ಕೀಮೋ ತಗೊಂಡ, ಆಮೇಲೆ ಸಾಕು ಅಂದು ಊರಿಗೆ ಬಂದ. ಭಜನೆಯಲ್ಲಿ ನನಗೆ ಹಿಮ್ಮೇಳ ಹಾಡುತ್ತಿದ್ದವ, ಕಡೆಕಡೆಗೆ ಬೆರಳಿನಿಂದ ತಾಳವಷ್ಟೇ ಹಾಕಿದ. ಶ್ರಾವಣದಲ್ಲಿ ಹೋದ. ಅವನ ಮಾತು ಕೇಳಿದ್ದು ಸರಿಯೋ ತಪ್ಪೋ ಅಂತ ಇಂದಿಗೂ ರಾತ್ರಿ ಎಚ್ಚರಾಗತೈತಿ.

ಈ ಬೇನೆ ಇಪ್ಪತ್ತು, ನಲವತ್ತು ವರ್ಷ ಮೈಯಾಗ ಅಡಗಿರತೈತಿ. ಅದಕ್ಕೇ ಆಸ್ಬೆಸ್ಟಾಸ್ ಕಾರ್ಖಾನೆಗಳು ಕೆಲಸಗಾರರ ಆರೋಗ್ಯದ ದಾಖಲೆಯನ್ನು ನಲವತ್ತು ವರ್ಷ ಕಾಪಾಡಬೇಕೆಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ದಿನಗೂಲಿಯ ನಮ್ಮಣ್ಣನ ಹೆಸರು ಯಾವ ದಫ್ತರದಾಗೂ ಇರಲಿಲ್ಲ. ಹಂಗಾಗಿ ನಮ್ಮ ದಫ್ತರ ನಾವೇ ಇಡಬೇಕು. ದವಾಖಾನೆಗೆ ಹೋದರೆ ಹಳೇ ಕೆಲಸ ಮೊದಲು ಹೇಳ್ರಿ. ಹಳೇ ಸಿಮೆಂಟ್ ತಗಡನ್ನು ಕೊಯ್ಯಬ್ಯಾಡ್ರಿ, ಒಡೀಬ್ಯಾಡ್ರಿ. ತೆಗೆಯಲೇಬೇಕಾದರೆ ನೀರು ಹೊಡೆದು, ಇಡಿಯಾಗಿ ಇಳಿಸ್ರಿ. ಧೂಳಿನ ಬಟ್ಟೆ ಮನೆಯೊಳಗೆ ಝಾಡಿಸಬ್ಯಾಡ್ರಿ. ಮಾಸ್ತರರೇ, ಇಷ್ಟನ್ನು ಮಕ್ಕಳಿಗೂ ಹೇಳಿಕೊಡ್ರಿ. ನಾಳೆ ಬಸ್ ಹತ್ತೋರು ಅವರೇ.