ಮಡಿಲಲ್ಲಿ ಒಂದು ಚೀಲ ಮಣ್ಣು

ಹಗರಿ ಕಡೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ತಾತ ಮಡಿಲಲ್ಲಿ ಒಂದು ಬಟ್ಟೆ ಚೀಲವನ್ನು ಕೂಸಿನ ಹಾಗೆ ಹಿಡಿದುಕೊಂಡಿದ್ದರು. ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈ ಚೀಲದ ಮೇಲೆ ಬರುತ್ತಿದ್ದವು.

"ಏನ್ ತಾತ, ಕಡ್ಲೀನಾ?" ಎಂದ ಕಂಡಕ್ಟರ್.

"ಮಣ್ಣಪ್ಪಾ. ಹೊಲದ ಮಣ್ಣು."

"ಮಣ್ಣಿಗೂ ಲಗೇಜ್ ಹಾಕ್ಲೇನು ಮತ್ತ?"

ಬಸ್ಸೆಲ್ಲ ನಕ್ಕಿತು. ತಾತನೂ ನಕ್ಕರು. ಆಮೇಲೆ, ನನ್ನನ್ನು ನಂಬಬಹುದೆಂದು ತೋರಿತೇನೋ, ಚೀಲದ ಬಾಯಿ ಬಿಚ್ಚಿ ತೋರಿಸಿದರು. ಕಾಡಿಗೆಯಂಥ ಎರೆಮಣ್ಣು. ಹೊಲದ ಹನ್ನೆರಡು ಕಡೆ ಆರಾರು ಇಂಚು ಗುಣಿ ತೋಡಿ, ಗುಣಿಯ ಗೋಡೆಯಿಂದ ಒಂದೊಂದು ಪದರ ಕೆರೆದು, ಎಲ್ಲವನ್ನೂ ಗೋಣಿತಟ್ಟಿನ ಮೇಲೆ ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಚೆಲ್ಲಿ, ಉಳಿದದ್ದನ್ನು ಮತ್ತೆ ಕಲಸಿ ಮತ್ತೆ ಪಾಲು ಮಾಡುತ್ತ ಕೊನೆಗೆ ಉಳಿಸಿಕೊಂಡ ಅರ್ಧ ಕೆಜಿ ಅದು. ಬದುವಿನ ಹತ್ತಿರ ತೆಗೆಯಬಾರದು, ಗಿಡದ ನೆರಳಲ್ಲಿ ತೆಗೆಯಬಾರದು, ತಿಪ್ಪೆ ಇದ್ದ ಕಡೆಯಂತೂ ಕೂಡದು. ಮದುವೆ ಶಾಸ್ತ್ರ ಹೇಳುವವರ ಹಾಗೆ ಬೆರಳು ಮಡಚುತ್ತ ಹೇಳಿದರು. "ಎಲ್ಲಾ ಕಲಿಸ್ಯಾರ. ಹಗರ್‍ಯಾಗ."

ಹಗರಿ ಎಂದರೆ ವೇದಾವತಿ ನದಿ. ಬಳ್ಳಾರಿ ಸೀಮೆಗೆ ಬಂದಾಗ ಆಕೆಗೆ ಈ ಹೆಸರು. ನಾನು ನೋಡಿದಾಗ ನದಿಯಲ್ಲಿ ನೀರಿಗಿಂತ ಮರಳೇ ಹೆಚ್ಚು ಹರಿಯುತ್ತಿತ್ತು. ಅದೇ ಹೆಸರಿನ ಊರಲ್ಲಿ ನೂರು ವರ್ಷ ದಾಟಿದ ಕೃಷಿ ಸಂಶೋಧನಾ ಕೇಂದ್ರವಿದೆ. 1930ರ ದಶಕದಲ್ಲಿ, ಮಳೆ ನೆಚ್ಚಿದ ಬೇಸಾಯವನ್ನು ಶಾಸ್ತ್ರವಾಗಿ ಓದಬೇಕೆಂದು ದೇಶದಲ್ಲಿ ಐದು ಜಾಗ ಆರಿಸಿದರು: ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹ್ತಕ್, ಮತ್ತು ಈ ಹಗರಿ. ಇಲ್ಲಿಯ ಹತ್ತಿ ತಳಿಯೊಂದಕ್ಕೆ ಊರಿನದೇ ಹೆಸರು, ಹಗರಿ-1. ಈಗ ಕೇಂದ್ರ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಕೈಯಲ್ಲಿದೆ.

ತಾತ ಇಳಿದು, ಚೀಲವನ್ನು ಎದೆಗೆ ಅವಚಿಕೊಂಡು, ಬೇವಿನ ಮರಗಳ ಕೆಳಗೆ ನಡೆದು ಹೋದರು. ನನ್ನ ತಲೆಯಲ್ಲಿ ಆ ಚೀಲ ಉಳಿಯಿತು. ಮುಂದೆ ಮೂರು ದಿನ ನಾನು ನೋಡಿದ್ದೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಮಣ್ಣಿನ ಚೀಲಗಳನ್ನೇ.

ಬಳ್ಳಾರಿಗೆ ಬಂದವರು ಕೋಟೆ ಗುಡ್ಡ ನೋಡುತ್ತಾರೆ, ಬಿಸಿಲನ್ನು ಬೈಯುತ್ತಾರೆ, ಒಗ್ಗರಣಿ ಮಿರ್ಚಿ ತಿಂದು ಹಂಪಿಗೆ ಹೋಗುತ್ತಾರೆ. ಹಿಂದಿನ ಸಲ ನಾನೂ ಹಾಗೇ ಮಾಡಿದ್ದೆ. ಹೊಸಪೇಟೆಯಿಂದ ಬರುವ ದಾರಿಯಲ್ಲಿ ಕುಡತಿನಿ ಹತ್ತಿರ ಒಂದು ಬೂದಿ ದಿಬ್ಬವಿದೆ. ಬಸ್ಸಿನ ಕಿಟಕಿಯಿಂದ ಕಂಡಿರಲೂಬಹುದು, ಕಣ್ಣಿಗೆ ಬೀಳಲಿಲ್ಲ. ಭೀಮ ಕೊಂದ ಹಿಡಿಂಬನನ್ನು ಸುಟ್ಟ ಬೂದಿ ಅದು ಎಂಬುದು ಜನರ ಕಥೆ. ಅಷ್ಟು ಬೂದಿಯಾಗಬೇಕಾದರೆ ರಾಕ್ಷಸನೇ ಬೇಕಲ್ಲ! ಕಥೆ ಕಟ್ಟಿದವರ ಲೆಕ್ಕ ಸರಿಯಾಗಿಯೇ ಇದೆ.

ಈ ಬೂದಿಯ ಬಗ್ಗೆ 1843ರಲ್ಲಿ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ ಬರೆದ. ಆಮೇಲೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಂದ. ಇದು ದನದ ದೊಡ್ಡಿಯ ಸಗಣಿ ಸುಟ್ಟ ಬೂದಿ ಎಂದು ಆತ ಅಂದಾಜು ಮಾಡಿದ. ಕೆಲವರು ಒಪ್ಪಿದರು, ಕೆಲವರು ಕುಲುಮೆಯ ಕಿಟ್ಟ ಅಂದರು, ಜ್ವಾಲಾಮುಖಿಯ ಹೆಸರೂ ಬಂತು. ಜಗಳ ಮುಗಿಯಲು 1960 ಬರಬೇಕಾಯಿತು. ಲಂಡನ್ ವಿಶ್ವವಿದ್ಯಾಲಯದ ಪುರಾತತ್ವ ಸಂಸ್ಥೆಯಲ್ಲಿ ಪರಿಸರ ಪುರಾತತ್ವ ಎಂಬ ಹೊಸ ವಿಭಾಗ ಕಟ್ಟಿದ್ದ ಪ್ರೊಫೆಸರ್ ಝಾಯ್ನರ್ ಬಳ್ಳಾರಿ ಜಿಲ್ಲೆಯ ಬೂದಿಯನ್ನು ಪರೀಕ್ಷೆಗೆ ಒಡ್ಡಿದರು. ಉತ್ತರ ಸಗಣಿಯೇ. ದನ ತಿಂದ ಹುಲ್ಲಿನಲ್ಲಿರುವ ಸಿಲಿಕಾ, ಬೆಂಕಿ ಜೋರಾದಾಗ ಕರಗಿ ಗಾಜಿನ ಗಂಟಾಗುತ್ತದೆ. ಅದನ್ನು ನೋಡಿಯೇ ಜನ ಕುಲುಮೆ, ಜ್ವಾಲಾಮುಖಿ ಎಂದು ಮೋಸಹೋಗಿದ್ದು. ಅದೇ ಹೊತ್ತಿಗೆ ತೆಲಂಗಾಣದ ಉತ್ನೂರಿನ ಬೂದಿ ದಿಬ್ಬ ಅಗೆದಿದ್ದ ಆಲ್ಚಿನ್ ಅವರಿಗೆ ಅದರ ಪದರದಲ್ಲಿ ದನಗಳ ಗೊರಸಿನ ಗುರುತೇ ಸಿಕ್ಕಿತ್ತು.

ನಾಲ್ಕು ಸಾವಿರ ವರ್ಷದ ಹಿಂದಿನ ದನ ಕೊಟ್ಟಿಗೆಯಲ್ಲಿ ಕಾಲು ಬದಲಿಸಿ ನಿಂತ ಗುರುತು! ಯಾವ ರಾಜನ ಶಾಸನವೂ ನನ್ನನ್ನು ಹೀಗೆ ತಡೆದು ನಿಲ್ಲಿಸಿದ್ದಿಲ್ಲ.

ಇದನ್ನೆಲ್ಲ ನನಗೆ ಮೊದಲು ತೋರಿಸಿದ್ದು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊಫೆಸರ್ ರವಿ ಕೋರಿಶೆಟ್ಟರ್ ದಶಕಗಟ್ಟಲೆ ಅಗೆದು, ಬರೆದು, ಬೆನ್ನುಹತ್ತಿ ಆಗುಮಾಡಿದ ಜಾಗ. ನಾನು ಹೋದಾಗ ಶಾಲೆಯೊಂದರ ಮಕ್ಕಳು ಸಾಲಾಗಿ ಒಳಗೆ ಬರುತ್ತಿದ್ದರು. ಕಲ್ಲಿನ ಕೊಡಲಿಗಳ ಮುಂದೆ ನಿಂತ ಹುಡುಗನೊಬ್ಬ, "ಇಂಥಾವು ನಮ್ಮ ಗುಡ್ಡದಾಗ ರಗಡ್ ಅದಾವು ಟೀಚರ್, ನಾವು ಕ್ರಿಕೆಟ್ಟಿಗೆ ವಿಕೆಟ್ ಹೂಳಾಕ ಬಡಿತೀವಿ" ಅಂದ. ಟೀಚರಿಗೆ ನಗಬೇಕೋ ಗದರಬೇಕೋ ತಿಳಿಯಲಿಲ್ಲ. ನನ್ನ ಮಟ್ಟಿಗೆ ಆ ದಿನದ ಅತ್ಯುತ್ತಮ ಉಪನ್ಯಾಸ ಅದೇ.

ಹುಡುಗ ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಊರಿಂದ ಐದಾರು ಕಿಲೋಮೀಟರ್ ದೂರದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಕೊಡಲಿಯ ಕಾರ್ಖಾನೆಯನ್ನೇ ನಡೆಸಿದ್ದರು. ಗ್ರಾನೈಟ್ ಗುಡ್ಡದ ನಡುವೆ ಕಪ್ಪು ಡಾಲರೈಟ್ ಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಒಡೆದದ್ದು, ಉಜ್ಜಿದ್ದು ಎಲ್ಲ ಅದನ್ನೇ. ಅದರ ಮೇಲೆ ಉದ್ದ ಕೊಂಬಿನ ಎತ್ತು, ಗೂಳಿಗಳ ಚಿತ್ರ ಕುಟ್ಟಿ ಮೂಡಿಸಿದ್ದಾರೆ. ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಳಿಗಳಿವೆ, ಕಲ್ಲಿನಿಂದ ಬಡಿದರೆ ಗಂಟೆಯಂತೆ ದನಿ ಕೊಡುತ್ತವೆ. ನಾನೂ ಬಡಿದೆ. ಠಣ್ ಎಂದಿತು. ಗುಡ್ಡದ ಆಚೆ ಯಾವುದೋ ಕ್ರಷರಿನ ಸದ್ದು ಗರಗರ ಎನ್ನುತ್ತಲೇ ಇತ್ತು. ಕಲ್ಲು ಗಣಿಗಾರಿಕೆ ಈ ಗುಡ್ಡಗಳ ಅಂಚನ್ನು ತಿಂದದ್ದು ಎಲ್ಲರಿಗೂ ಕಾಣುವಂತೆಯೇ ಇದೆ.

ಮಾರನೇ ದಿನ ಕುರುಗೋಡು. ಬಸ್ಸು ಇಳಿದರೆ ಎದುರಿಗೇ ಗುಡ್ಡ, ಯಾರೋ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿ ಊಟಕ್ಕೆ ಹೋದಂತೆ. ಸಿಂದ ಅರಸರ ರಾಜಧಾನಿ ಇದು. ದೊಡ್ಡಬಸವೇಶ್ವರನ ಗುಡಿಯಲ್ಲಿ ಆಳೆತ್ತರ ಮೀರಿದ ಏಕಶಿಲೆಯ ಬಸವ ಕೂತಿದ್ದಾನೆ. ಪೂಜಾರಪ್ಪ ಎಣ್ಣೆ ಸವರಿದ ಕಲ್ಲಿನ ಕೊರಳ ಮೇಲೆ ಕೈಯಿಟ್ಟು, "ಬೆಳಿತಾನೇ ಇದಾನೆ ಸಾರ್" ಎಂದರು. ನಾನು ತಲೆಯಾಡಿಸಿದೆ. ಗುಡ್ಡದ ಮೇಲೆ ಎತ್ತನ್ನು ಕುಟ್ಟಿ ಬರೆದವರಿಂದ ಈ ಬಸವನವರೆಗೆ ಈ ಸೀಮೆಯಲ್ಲಿ ಬೆಳೆಯುತ್ತ ಬಂದದ್ದು ಇನ್ನೇನು!

ಕುರುಗೋಡಿಗೆ ನಾನು ಬಂದದ್ದು ಬಸವನನ್ನು ನೋಡಲು ಮಾತ್ರವಲ್ಲ, ಒಂದು ಚೀಲದ ಜಾಡು ಹಿಡಿದು. ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮತ್ತು ಜೊತೆಗಾರರು ಸಂಗನಕಲ್ಲು, ಕುರುಗೋಡು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಮುಂತಾದ ಹಳೆಯ ನೆಲೆಗಳಿಂದ ಮಣ್ಣು ತುಂಬಿಕೊಂಡು ಹೋಗಿ, ಅದರಲ್ಲಿ ಕಾಳು ಹುಡುಕಿದರು. ವಿಧಾನ ನಮ್ಮ ಅಡುಗೆಮನೆಯದೇ. ಮಣ್ಣನ್ನು ನೀರಿಗೆ ಸುರಿದು ಕದಡುವುದು. ಮಣ್ಣು ತಳ ಸೇರುತ್ತದೆ, ಸುಟ್ಟು ಕರಿಕಾದ ಕಾಳು ಹಗುರಾಗಿ ತೇಲುತ್ತದೆ. ಮೇಲಿನದನ್ನು ತೆಳು ಬಟ್ಟೆಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಆರಿಸುವುದು. ಅಕ್ಕಿ ತೊಳೆವಾಗ ಜೊಳ್ಳು ತೇಲಿಸುವ ಯಾವ ಹೆಂಗಸಿಗೂ ಇದು ಹೊಸತೆನಿಸದು. ಒಲೆಯಿಂದ ಸಿಡಿದು, ಸುಟ್ಟು, ಯಾರ ಗಮನಕ್ಕೂ ಬಾರದೆ ಹೋದ ಕಾಳುಗಳು ಹೀಗೆ 2004ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಸಾಕ್ಷಿ ನುಡಿದವು. ಆ ಜನರ ಮುಖ್ಯ ಬೆಳೆ ಹುರುಳಿ, ಹೆಸರು, ಕೊರಲೆ, ನವಣೆಯ ನೆಂಟನಾದ ಒಂದು ಕಿರುಧಾನ್ಯ. ದಕ್ಷಿಣ ಭಾರತದ ಬೇಸಾಯ ಹೊರಗಿನಿಂದ ಕಲಿತು ಬಂದದ್ದಷ್ಟೇ ಅಲ್ಲ, ಇಲ್ಲಿಯ ಗುಡ್ಡದ ಬುಡದಲ್ಲಿ ತಾನಾಗಿಯೂ ಹುಟ್ಟಿತು ಎಂಬ ವಾದಕ್ಕೆ ಬಲ ಬಂದದ್ದು ಈ ಕರಿಕು ಕಾಳುಗಳಿಂದ. ಕುರುಗೋಡಿನ ಖಾನಾವಳಿಯಲ್ಲಿ ಅವತ್ತು ಹುರುಳಿ ಸಾರೇ ಇತ್ತು. ಎರಡು ಸಲ ಹಾಕಿಸಿಕೊಂಡೆ.

ಸಿರುಗುಪ್ಪದ ರಸ್ತೆಯಲ್ಲಿ ತೆಕ್ಕಲಕೋಟೆ ಸಿಗುತ್ತದೆ. 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪರವಾಗಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಅಗೆದ ಗುಡ್ಡ. ಕಲ್ಲಿನ ಕೊಡಲಿಗಳ ಆ ಕಾಲದಲ್ಲೂ ಬಂಗಾರದ ಒಡವೆ ತೊಟ್ಟವರಿದ್ದರು ಎಂಬುದಕ್ಕೆ ಅಲ್ಲಿ ಪುರಾವೆ ಸಿಕ್ಕಿತು. ಅಲ್ಲಿಂದ ಮುಂದೆ ನೋಟವೇ ಬದಲು: ಕಾಲುವೆ, ಭತ್ತ, ಬೆಳ್ಳಕ್ಕಿ, ರೈಸ್‌ಮಿಲ್ಲಿನ ಹೊಗೆ ಕೊಳವೆ. ಒಣಭೂಮಿ ಎಂದು ಹೆಸರಾದ ಜಿಲ್ಲೆಯಲ್ಲಿ ಹಠಾತ್ತನೆ ತಂಜಾವೂರು!

ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದ ಹಣೆಬರಹ ಸ್ವಾರಸ್ಯದ್ದು. ತುಂಗಭದ್ರಾ ಅಣೆಕಟ್ಟು ಕಾಗದದ ಮೇಲಿದ್ದಾಗಲೇ, ನಾಳೆ ನೀರು ಬಂದರೆ ಈ ಎರೆಮಣ್ಣು ಏನು ಮಾಡೀತು ಎಂದು ನೋಡಲು ಮದ್ರಾಸ್ ಸರ್ಕಾರ 1930ರ ದಶಕದಲ್ಲಿ ಶುರುಮಾಡಿದ್ದು ಇದು. 1953ರ ಅಕ್ಟೋಬರ್ 1ಕ್ಕೆ ಜಿಲ್ಲೆ ಮೈಸೂರಿಗೆ ಸೇರಿತು, ಅಣೆಕಟ್ಟಿನಲ್ಲಿ ನೀರೂ ನಿಂತಿತು. ಆಮೇಲೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ, ಅದರಿಂದ ಧಾರವಾಡ, ಈಗ ರಾಯಚೂರು. ಬೋರ್ಡು ಬದಲಾಗುತ್ತ ಬಂದರೂ ಪ್ರಶ್ನೆ ಬದಲಾಗಲಿಲ್ಲ.

ಯೋಜನೆ ಮಾಡಿದವರ ಎಣಿಕೆಯಲ್ಲಿ ಇಲ್ಲಿಯ ಬಹುಪಾಲು ನೆಲಕ್ಕೆ ಅರೆ ನೀರಾವರಿ: ಜೋಳ, ಹತ್ತಿ, ಶೇಂಗಾಕ್ಕೆ ಆಗಾಗ ಒಂದು ತೇವ. ಜನ ಭತ್ತ ಹಾಕಿದರು. ಯಾಕೆ ಹಾಕಬಾರದು, ಮನೆಯ ಮುಂದೆ ಕಾಲುವೆ ಹರಿಯುವಾಗ? ಆದರೆ ಮೇಲಿನವರ ಗದ್ದೆ ತುಂಬಿದರೆ ಕೊನೆಯ ಹಳ್ಳಿಗೆ ನೀರು ಮುಟ್ಟದು. ಎರೆಮಣ್ಣು ಕುಡಿದ ನೀರನ್ನು ಬಸಿಯಲು ಬಿಡುವುದಿಲ್ಲ. ಅಂತರ್ಜಲ ಮೇಲೇರುತ್ತದೆ, ಬಿಸಿಲು ಅದನ್ನು ಹೀರುತ್ತದೆ, ನೀರು ಹೋಗಿ ಉಪ್ಪು ಉಳಿಯುತ್ತದೆ. ಕೇಂದ್ರದಿಂದ ಸ್ವಲ್ಪ ದೂರದ ಹೊಲವೊಂದರಲ್ಲಿ ಕಪ್ಪು ನೆಲದ ಮೇಲೆ ಬಿಳಿ ಹೆಪ್ಪು ಕಂಡೆ, ರಂಗೋಲಿ ಪುಡಿ ಚೆಲ್ಲಿದಂತೆ. "ಚೌಳು" ಎಂದರು ಹೊಲದವರು. ಒಂದೇ ಪದ, ಅದರ ಮುಂದೆ ಏನೂ ಹೇಳಲಿಲ್ಲ.

ವಿಶ್ವವಿದ್ಯಾಲಯದವರು ಈ ಕಡೆ ಬಹಳ ದಿನದಿಂದ ಹೇಳುತ್ತಿರುವುದು ಕೂರಿಗೆ ಭತ್ತ. ಕೆಸರು ಮಾಡಿ ಸಸಿ ನೆಡುವ ಬದಲು ಜೋಳದಂತೆ ಒಣನೆಲಕ್ಕೇ ಕೂರಿಗೆಯಿಂದ ಬಿತ್ತುವುದು. ನೀರು ಉಳಿಯುತ್ತದೆ, ನಾಟಿಯ ಆಳಿನ ಖರ್ಚೂ ಉಳಿಯುತ್ತದೆ. ಒಪ್ಪಿದವರೂ ಇದ್ದಾರೆ, ಕಳೆ ಜಾಸ್ತಿ ಎಂದು ಬಿಟ್ಟವರೂ ಇದ್ದಾರೆ. ಕ್ಷೇತ್ರೋತ್ಸವದಲ್ಲಿ ಶಾಮಿಯಾನದ ಭಾಷಣಕ್ಕಿಂತ ಬದುವಿನ ಮೇಲೆ ನಡೆಯುವ ಜಗಳ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ಅಲ್ಲಿಯ ಕ್ಷೇತ್ರ ಸಹಾಯಕರೊಬ್ಬರು ಕಣ್ಣು ಮಿಟುಕಿಸಿದರು.

ಹಾಗೆ ಹೊಲದಲ್ಲೇ ಪಾಠ ಕಲಿತು ಶಾಸ್ತ್ರ ಬದಲಾದದ್ದೂ ಉಂಟು. ಬಳ್ಳಾರಿಯಲ್ಲಿ 1954ರಿಂದ ಕೇಂದ್ರ ಸರ್ಕಾರದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರವಿದೆ. ಆಗ ಎಲ್ಲೆಡೆ ಸಮಪಾತಳಿ ಒಡ್ಡು ಹಾಕುವ ಕಾಲ. ಕೆಂಪು ನೆಲದಲ್ಲಿ ಸರಿಹೋದ ಒಡ್ಡು ಆಳವಾದ ಎರೆಯಲ್ಲಿ ಕೈಕೊಟ್ಟಿತು: ಮಳೆಗಾಲದಲ್ಲಿ ಒಡ್ಡಿನ ಮೇಲ್ಬದಿಗೆ ನೀರು ನಿಂತು ಬೆಳೆ ಹಳದಿ ತಿರುಗಿತು, ಬೇಸಿಗೆಯಲ್ಲಿ ಒಡ್ಡೇ ಬಿರುಕು ಬಿಟ್ಟು ಮುಂದಿನ ಮಳೆಗೆ ಕೊಚ್ಚಿಹೋಯಿತು. ಕೊನೆಗೆ ತುಸು ಇಳಿಜಾರಿನ ಒಡ್ಡು ಹಾಕಿ, ಹೆಚ್ಚಾದ ನೀರನ್ನು ಹುಲ್ಲು ಬೆಳೆದ ಕಾಲುವೆಗೆ ಮೆಲ್ಲಗೆ ದಾಟಿಸುವುದೇ ಎರೆಗೆ ತಕ್ಕದ್ದು ಎಂದಾಯಿತು. ದಾಟಿಸದಿದ್ದರೆ ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ತುಂಗಭದ್ರೆಯೇ ಲೆಕ್ಕ ಕೊಡುತ್ತಾಳೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105.8. ಉಳಿದ ಜಾಗದಲ್ಲಿ ಯಾರಯಾರದೋ ಹೊಲಗಳು ಹೂಳಾಗಿ ಮಲಗಿವೆ.

ಕೊನೆಯ ಸಂಜೆ ಕಾಲುವೆ ಮುಟ್ಟದ ಎರೆ ಬಯಲಿಗೆ ಹೋದೆವು, ನಾನು ಮತ್ತು ಅಲ್ಲಿಯ ಒಬ್ಬ ಹಿರಿಯ ರೈತರು. ಸಿರುಗುಪ್ಪ ತಾಲ್ಲೂಕಿನ ಇಂಥ ಬಯಲಲ್ಲೇ ಕರ್ನಾಟಕದ ಕೊನೆಯ ಕೆಲವು ಎರೆಭೂತಗಳು ಉಳಿದಿರುವುದು. ಕೆಲವರು ದೊರೆವಾಯನ ಹಕ್ಕಿ ಎನ್ನುತ್ತಾರೆ. ಹದಿನೈದು ಕೆಜಿವರೆಗೆ ತೂಗುವ, ಹಾರಬಲ್ಲ ಹಕ್ಕಿಗಳಲ್ಲೇ ಭಾರೀ ಗಾತ್ರದವುಗಳಲ್ಲಿ ಒಂದು. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಅದಕ್ಕೆ ಬೇಕಾದದ್ದು ಹುಲ್ಲು, ಹಿಂಗಾರಿ ಜೋಳ, ಕಡಲೆ, ಕಣ್ಣು ಹಾಯುವಷ್ಟು ಬಯಲು. ಗದ್ದೆಯ ಕೆಸರು ಅದಕ್ಕೆ ಆಗದು.

ಒಂದೂವರೆ ತಾಸು ಕೂತೆವು. ಹಕ್ಕಿ ಬರಲಿಲ್ಲ. ಜೋಳ ಹಾಲುಗಾಳಿಗೆ ಬಂದಿತ್ತು. ಸೀತನಿ ಸುಡುವ ವಾಸನೆ ಎಲ್ಲಿಂದಲೋ ಬರುತ್ತಿತ್ತು. ಸಾಲುಗಳ ನಡುವೆ ನೆಲ ಅಂಗೈ ಅಗಲ ಬಾಯಿ ಬಿಟ್ಟಿತ್ತು. ಮೇಲಿನ ಹೆಂಟೆ ಉದುರಿ ಬಿರುಕಿಗೆ ಬೀಳುತ್ತದೆ, ಮಳೆ ಬಂದಾಗ ನೆಲ ಉಬ್ಬಿ ಮುಚ್ಚಿಕೊಳ್ಳುತ್ತದೆ, ಹೀಗೆ ಎರೆ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ ಎಂದು ಓದಿದ್ದೆ. ಅದನ್ನು ಹೇಳಿದೆ. ಮಳೆಯಿಲ್ಲದ ಈ ಮೂರು ತಿಂಗಳು ಜೋಳ ಏನು ಕುಡಿದು ನಿಂತಿದೆ ಎಂದೂ ಕೇಳಿದೆ.

"ತಡೀರಿ" ಎಂದು ಹಿರಿಯರು ಎದ್ದು, ಕೈಯಲ್ಲಿದ್ದ ಕೋಲನ್ನು ಬಿರುಕಿಗೆ ಇಳಿಬಿಟ್ಟರು. ಹಿಡಿಯವರೆಗೂ ಇಳಿಯಿತು. ಒಳಗೆ ಒಮ್ಮೆ ತಿರುವಿ ಮೇಲಕ್ಕೆಳೆದು, ತುದಿಯನ್ನು ನನ್ನ ಅಂಗೈಗೆ ಒರೆಸಿದರು. ಮಣ್ಣು ತಣ್ಣಗಿತ್ತು, ಹಸಿಯಾಗಿತ್ತು.