ಮೋರನಾಳದ ಬೆಳ್ಳಿತೆರೆ!

ಚಿತ್ರದುರ್ಗದ ಕೋಟೆ ಹತ್ತುವಾಗ ಯಾರಿಗೆ ತಾನೇ ರಾಮಾಚಾರಿ ನೆನಪಾಗೋಲ್ಲ, ಹೇಳಿ? 1972ರಲ್ಲಿ ಪುಟ್ಟಣ್ಣ ಕಣಗಾಲರು 'ನಾಗರಹಾವು' ತೆಗೆದು ಅಲ್ಲಿನ ಬಂಡೆಗಳನ್ನೂ ಸ್ಟಾರ್ ಮಾಡಿಬಿಟ್ಟರು. ಅಪ್ಪ, ಅಮ್ಮ, ಅಕ್ಕ, ನಾನು, ಸ್ಟೀರಿಂಗ್ ಹಿಡಿದ ಭಾವ, ಹೀಗೆ ಐದು ಜನ ಒಂದು ಹಳೇ ಕಾರಿನಲ್ಲಿ ಹೊರಟಿದ್ದೆವು. ಬಂಡೆ ಮೇಲೆ ಭಾವನ ಪೋಜು ಮುಗಿಯುವುದರೊಳಗೆ ಬಿಸಿಲು ನೆತ್ತಿಗೇರಿತ್ತು. ಆ ಕಥೆ ಬೇಡ ಬಿಡಿ.

ಹೊಸಪೇಟೆ ದಾಟಿ ಕೊಪ್ಪಳದ ಕಡೆ ತಿರುಗಿದೆವು. ಕಿನ್ನಾಳದಲ್ಲಿ ಚಿತ್ರಗಾರರ ಮನೆಗಳು. ಹಗುರ ಮರದ ತುಂಡು, ಹುಣಸೆಬೀಜದ ಅಂಟು, ಬಣ್ಣ. ಅಷ್ಟರಲ್ಲೇ ದೇವರು, ಆನೆ, ಗಿಣಿ ಎಲ್ಲ ಎದ್ದು ಬರ್ತಾವೆ. ಅಮ್ಮ ಚೌಕಾಸಿ ಮಾಡದೆ ಒಂದು ಗಿಣಿ ಕೊಂಡರು. ನಮ್ಮ ಮನೆತನದ ಇತಿಹಾಸದಲ್ಲೇ ಇದು ಮೊದಲು!

ನಿಜವಾದ 'ಪಿಕ್ಚರ್' ಇದ್ದದ್ದು ಅದೇ ಜಿಲ್ಲೆಯ ಮೋರನಾಳದಲ್ಲಿ. ತೊಗಲುಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಊರಿದು. ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಆ ಅಜ್ಜಿಗೆ ಪದ್ಮಶ್ರೀ ಬಂತು. ತೊಗಲನ್ನು ಬೆಳಕು ಹಾಯುವ ಹಾಗೆ ಹದಮಾಡಿ, ಬಣ್ಣ ಬರೆದು, ಕೈಕಾಲು ಜೋಡಿಸಿ ಬಿಳಿ ಪರದೆ ಹಿಂದೆ ಆಡಿಸೋದು. ಪಿಯುಸಿಗೇ ಶರಣು ಹೊಡೆದ ನನ್ನಂಥವನಿಗೂ ಅರ್ಥವಾಗುವ ವಿಜ್ಞಾನ. 1895ರಲ್ಲಿ ಲೂಮಿಯೇರ್ ಸೋದರರು ಪ್ಯಾರಿಸ್‌ನಲ್ಲಿ ಟಿಕೆಟ್ ಹರಿಯುವ ಎಷ್ಟೋ ಮೊದಲೇ ನಮ್ಮ ಹಳ್ಳಿಗರು ಕಲರ್ ಟಾಕಿ ನೋಡಿದ್ದರು ಸ್ವಾಮಿ!

ಸಂಜೆ ಇನ್ನೊಂದು ಊರಿನಲ್ಲಿ ಹಿರಿಯ ಕಲಾವಿದರೊಬ್ಬರು ನಮಗಾಗಿ ಗೊಂಬೆ ಪೆಟ್ಟಿಗೆ ಬಿಚ್ಚಿದರು. ಪಂಚೆ ಕಟ್ಟಿ ಹಿಂದೆ ಬಲ್ಬು ಹಾಕಿದರು. ಅಪ್ಪನ ಮುಖ ಸಪ್ಪಗಾಯಿತು. ಅವರು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಕಾರ್ಬನ್ ಕಡ್ಡಿ ಹೊತ್ತಿಸಿ ಪರದೆ ಬೆಳಗಿಸಿದ ಕೈ ಅದು. ಟೆಂಟು ಎತ್ತಿದ ದಿನದಿಂದ ಸಿನಿಮಾದ ಸುದ್ದಿಯನ್ನೇ ಎತ್ತಿದವರಲ್ಲ.

"ದೀಪ ಇಡೋಲ್ವೇ ಯಜಮಾನರೇ?"

"ದೀಪ ಇಟ್ರ ಗೊಂಬಿ ಉಸಿರಾಡ್ತಾವ್ರಿ ಅಣ್ಣಾರ. ಆದ್ರ ದಿನಾ ಎಣ್ಣಿ ಎಲ್ಲಿಂದ ತರೂದು? ಮಗ ಬೆಂಗ್ಳೂರಾಗ ಗೌಂಡಿ ಕೆಲಸಕ್ಕ ಹೋಗ್ಯಾನ. ನನ್ನ ಹಿಂದ ಆಡ್ಸಾವ್ರ ಇಲ್ಲ."

ಅಪ್ಪ ಮಾತಾಡದೆ ಅಂಗಡಿಗೆ ನಡೆದು ಎಣ್ಣೆ ತಂದರು. ದೀಪ ಹತ್ತಿತು. ಗಾಳಿಗೆ ಬೆಳಕು ಅಲುಗಿದಾಗೆಲ್ಲ ಹನುಮಂತನ ಎದೆ ಏರಿಳಿಯುತ್ತಿತ್ತು! ಕಿಳ್ಳೇಕ್ಯಾತ ಬಂಗಾರಕ್ಕನ ಜತೆ ಜಗಳಕ್ಕೆ ನಿಂತಾಗ ಅಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಅಪ್ಪ ಮಾತ್ರ ನಮ್ಮ ಜತೆ ಕೂರಲಿಲ್ಲ. ಪರದೆ ಹಿಂದೆ ಹೋಗಿ, ಆಟ ಮುಗಿಯೋ ತನಕ ಬತ್ತಿ ಸರಿಮಾಡುತ್ತ ನಿಂತರು.

ಕೊಪ್ಪಳದ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಾ ಮಾಲೀಕರನ್ನು ಕೇಳಿದರು: "ಇಲ್ಲಿ ಸೆಕೆಂಡ್ ಷೋ ಎಷ್ಟು ಹೊತ್ತಿಗೆ?"