ರೋಮಿನ ಯಾತ್ರಿಕ, ಘಟ್ಟದ ಹುಡುಗರು

"ಇಟಲಿಗೆ ಹೋಗಿದ್ದಿರಂತಲ್ಲ ಸಾರ್, ಏನೇನು ನೋಡಿದಿರಿ?" ಎಂದು ಹಳೆಯ ವಿದ್ಯಾರ್ಥಿಗಳು ಈಗಲೂ ಕೇಳುತ್ತಿರುತ್ತಾರೆ. ಅವರಿಗಾಗಿ ಈ ನಾಲ್ಕು ಮಾತು.

2023ರ ಮೇ ತಿಂಗಳಿನಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಹಿರಿಯರ ತಂಡವೊಂದರ ಜತೆ ನಾನೂ ನನ್ನ ಶ್ರೀಮತಿಯೂ ಹೊರಟೆವು. ಎಂಟು ದಿನಗಳಲ್ಲಿ ವೆನಿಸ್, ಫ್ಲಾರೆನ್ಸ್, ರೋಮ್. ಕೈಚೀಲದಲ್ಲಿ ಚಟ್ನಿಪುಡಿ, ಕಣ್ಣೆದುರಿಗೆ ಗೈಡಿನ ಬಾವುಟ. ಫ್ಲಾರೆನ್ಸಿನ ಕೆಥೆಡ್ರಲಿನ ಗುಮ್ಮಟವನ್ನು ಬ್ರುನೆಲೆಸ್ಕಿ 1436ರಲ್ಲಿ ಪೂರೈಸಿದಾಗ ನಮ್ಮ ವಿಜಯನಗರದಲ್ಲಿ ಪ್ರೌಢದೇವರಾಯನ ಆಳ್ವಿಕೆ. ಹೀಗೆ ಇಸವಿಗಳನ್ನು ಹೊಂದಿಸಿ ನೋಡುವುದು ಸಮಾಜ ಪಾಠ ಹೇಳಿದವನ ಚಾಳಿ, ನಿವೃತ್ತಿಯಾದರೂ ಬಿಟ್ಟಿಲ್ಲ.

ರೋಮಿನಲ್ಲಿ ಎಲ್ಲರೂ ಕೊಲೋಸಿಯಮ್ ನೋಡಿ ದಣಿದು ಕುಳಿತಾಗ ನಾನು ಸಾಂತಾ ಮರಿಯಾ ಇನ್ ಅರಾಚೇಲಿ ಎಂಬ ಚರ್ಚಿಗೆ ಹೋದೆ. ಅದಕ್ಕೆ 124 ಮೆಟ್ಟಿಲು. ಮೊಣಕಾಲು ಹಿಡಿದುಕೊಂಡೇ ಹತ್ತಿದೆ. ಕಾರಣವಿಷ್ಟೇ: ನಮ್ಮ ಮಲೆನಾಡನ್ನು ಕಂಡು ಹೋದ ಪಿಯೆತ್ರೊ ದೆಲ್ಲಾ ವಾಲೆ ಎಂಬ ಯಾತ್ರಿಕನು ಅಲ್ಲಿ ಚಿರನಿದ್ರೆಯಲ್ಲಿದ್ದಾನೆ.

ಈತ ರೋಮಿನ ಶ್ರೀಮಂತ. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ಸಿತ್ತಿ ಮಾನಿ 1621ರಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಾಗ, ಆಕೆಯ ದೇಹವನ್ನು ಕೆಡದಂತೆ ಮಾಡಿ ಪೆಟ್ಟಿಗೆಯಲ್ಲಿರಿಸಿ ಭಾರತಕ್ಕೂ ತಂದನು. ಕೊನೆಗೆ ಇದೇ ಚರ್ಚಿನಲ್ಲಿ ಮಣ್ಣುಮಾಡಿದನು. ಅಷ್ಟು ದುಃಖದ ನಡುವೆಯೂ ಅವನು ಕಣ್ಣು ತೆರೆದೇ ತಿರುಗಿದನೆಂಬುದು ಆಶ್ಚರ್ಯ.

1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜತೆ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟ ಹತ್ತಿ, ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ಅವನು ಹೊರಟಿದ್ದನು. ದಾರಿಯಲ್ಲಿ, ಹೊರೆಗಳನ್ನು ಅಣಿಗೊಳಿಸುತ್ತಿದ್ದ ಸಮಯದಲ್ಲಿ, ಗುಡಿಯೊಂದರ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡನು. ಒಬ್ಬನು ರಾಗವಾಗಿ ಪಾಠ ಹೇಳುತ್ತ, ನೆಲಕ್ಕೆ ಹರಡಿದ ನುಣ್ಣನೆಯ ಮರಳಿನ ಮೇಲೆ ಬೆರಳಿನಿಂದ ಅಂಕಿ ಬರೆಯುವನು. ಉಳಿದವರು ಹಾಗೆಯೇ ಹಾಡಿ ಬರೆಯುವರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುವರು.

ಪಿಯೆತ್ರೊ ಸುಮ್ಮನೆ ನೋಡಿ ಹೋಗಲಿಲ್ಲ. ಕೇಳಿದನು: ಗುರುಗಳಿಲ್ಲವಲ್ಲ, ತಪ್ಪಿದರೆ ತಿದ್ದುವವರಾರು? ನಾಲ್ವರೂ ಒಂದೇ ಜಾಗದಲ್ಲಿ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಇನ್ನೊಬ್ಬನು ತಿದ್ದುತ್ತಾನೆ ಎಂಬುದು ಹುಡುಗರ ಉತ್ತರ. ಈ ಮಾತು ಅವನಿಗೆ ಒಪ್ಪಿಗೆಯಾಯಿತು; ಸ್ನೇಹಿತನಿಗೆ ಬರೆದ ಪತ್ರದಲ್ಲಿ ಸೇರಿತು.

ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಕ್ರಮವನ್ನು ಆಂಡ್ರ್ಯೂ ಬೆಲ್ ಮದರಾಸಿನ ಅನುಭವದ ಆಧಾರದಿಂದ 1797ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದನು, ಬಿ.ಎಡ್. ಓದಿದವರಿಗೆ ಇದು ಗೊತ್ತು. ಅದಕ್ಕೂ 174 ವರ್ಷ ಮೊದಲೇ ನಮ್ಮ ಘಟ್ಟದ ಹುಡುಗರು ಅದನ್ನು ನಡೆಸುತ್ತಿದ್ದರು. ಅವರ ಹೆಸರು ಯಾರಿಗೂ ತಿಳಿಯದು. ಅವರ ಮೇಷ್ಟ್ರಂತೂ ಆ ಹೊತ್ತಿನಲ್ಲಿ ಅಲ್ಲಿರಲೇ ಇಲ್ಲ! ಮೂವತ್ತಕ್ಕೂ ಹೆಚ್ಚು ವರ್ಷ ಕಪ್ಪುಹಲಗೆಯ ಮುಂದೆ ನಿಂತ ನನಗೆ, ಕಾಣದ ಆ ಮೇಷ್ಟ್ರ ಮೇಲೆ ಗೌರವವೂ ಹುಟ್ಟಿತು, ತುಸು ಅಸೂಯೆಯೂ ಹುಟ್ಟಿತು. ತಾನಿಲ್ಲದಾಗಲೂ ಪಾಠ ನಡೆಯುವಂತೆ ಕಲಿಸುವುದಕ್ಕಿಂತ ಹೆಚ್ಚಿನದನ್ನು ಉಪಾಧ್ಯಾಯನು ಬಯಸುವುದೇನಿದೆ? ಹಲಗೆಯ ಮೇಲೆ ನಾವು ಬರೆದುದೆಲ್ಲವೂ ಆ ಮರಳಿನಂತೆ ಅಳಿಸಿಹೋಗಿದೆಯಲ್ಲವೇ?

ನಮ್ಮ ತಂಡದವರು ಇಟಲಿಯಲ್ಲಿ ಸಾವಿರಾರು ಫೋಟೋ ತೆಗೆದರು, ಸಂತೋಷ. ಆದರೆ ಅಲ್ಲಿಯ ಒಂದು ಮಗುವನ್ನಾದರೂ ಮಾತನಾಡಿಸಲು ನಮ್ಮ ವೇಳಾಪಟ್ಟಿಯಲ್ಲಿ ಬಿಡುವಿರಲಿಲ್ಲ. ಗುಮ್ಮಟ, ಗೋಪುರಗಳು ಯಾರು ಬಂದರೂ ಕಾಣುತ್ತವೆ. ಜಗಲಿಯ ಮೇಲಿನ ಹುಡುಗರು ಕಾಣಬೇಕಾದರೆ ನಿಲ್ಲಬೇಕು.

ಮುಂದೆ ನೀವು ಜೋಗಕ್ಕೆ ಹೋಗುವಾಗ ಸಾಗರದಲ್ಲಿ ಇಳಿದು ಮಕ್ಕಳಿಗೆ ಇಕ್ಕೇರಿಯನ್ನು ತೋರಿಸಿ. ಅರಮನೆಯ ಕಾಲ ಮುಗಿದಿದೆ. ಅಘೋರೇಶ್ವರ ದೇವಾಲಯ ನಿಂತಿದೆ. ರೋಮಿನವನೊಬ್ಬ ಇಲ್ಲಿಯವರೆಗೂ ಬಂದು ನಮ್ಮ ಹುಡುಗರ ಲೆಕ್ಕದ ಪಾಠ ಕೇಳಿದ್ದನೆಂಬ ಕಥೆಯನ್ನು ಅಲ್ಲಿ ಕುಳಿತು ಹೇಳಿ. ಹೇಳುವಾಗ ನೀವು ತಪ್ಪಿದರೆ ಮಕ್ಕಳೇ ತಿದ್ದುತ್ತಾರೆ.